ಐದೂವರೆ ಗಂಟೆಯ ಚಂದ್ರ

ಬೆಳಿಗ್ಗೆ ಆರು ಗಂಟೆಗೆ ಕಣಿವೆಯ ಆಚೆಯಿಂದ ಹಬ್ಬದ ದಿನ ರಾಗವಾಗಿ ಹೇಳುವ ತಕ್ಬೀರ್ ಘೋಷ ಕೇಳಿಸಿತು. ಯಾರೋ ಹಳೆಯ ಕ್ಯಾಸೆಟ್ ಹಾಕಿದ್ದಾರೆ ಎಂದುಕೊಂಡೆ. ಅಷ್ಟರಲ್ಲಿ ಎರಡನೆಯ ಮಸೀದಿ ಸೇರಿಕೊಂಡಿತು, ಆಮೇಲೆ ಮೂರನೆಯದು. ಐದು ನಿಮಿಷದಲ್ಲಿ ತಾಯಿಜ್ ಪೇಟೆಯ ಮಿನಾರುಗಳೆಲ್ಲ ಒಟ್ಟಿಗೆ ಹಬ್ಬವನ್ನು ಸಾರುತ್ತಿದ್ದವು. ವರ್ಷಕ್ಕೆ ಎರಡೇ ಸಲ ಕೇಳುವ ರಾಗ ಅದು. ಬೇರೇನೋ ಎಂದು ತಿಳಿಯಲು ಸಾಧ್ಯವೇ ಇಲ್ಲ.

ನಾವು ನಿಂತಿದ್ದ ಈಚೆಯ ಗುಡ್ಡದಲ್ಲಿ ಇನ್ನೂ ರಂಜಾನ್. ಮೂರು ಗಂಟೆಗೆ ಎದ್ದು ಸಹರಿಯ ಊಟ ಮುಗಿಸಿ ಮೂವತ್ತನೆಯ ಉಪವಾಸ ಹಿಡಿದಿದ್ದೆವು.

"ಮೇಷ್ಟ್ರೇ, ಅವರಿಗೆ ಹಬ್ಬ ಬಂದುಬಿಟ್ಟಿದೆ" ಎಂದ ಚಾಲಕ ಮುಕ್ಬಿಲ್, ಲಾರಿಯ ಗಾಜು ಒರೆಸುವುದನ್ನು ನಿಲ್ಲಿಸಿ. "ನಮಗಿನ್ನೂ ಬಂದಿಲ್ಲ. ದಾರೀಲಿ ಯಾವುದೋ ಚೆಕ್‌ಪೋಸ್ಟಲ್ಲಿ ತಡೆದಿರಬೇಕು."

ನನಗೆ ನಗು ಬರಲಿಲ್ಲ. ಲಾರಿಯ ಹಿಂಬಾಗಿಲಿನ ಚಿಲಕ ಇನ್ನೊಮ್ಮೆ ನೋಡಿಬಂದೆ.

ಆ ಲಾರಿಯಲ್ಲಿ ನಲವತ್ತು ಆಮ್ಲಜನಕದ ಸಿಲಿಂಡರುಗಳಿದ್ದವು. ಕಣಿವೆಯ ಆಚೆ, ಮುತ್ತಿಗೆಗೆ ಸಿಕ್ಕಿದ ಪೇಟೆಯೊಳಗಿನ ಆಸ್ಪತ್ರೆಯಲ್ಲಿ ನನ್ನ ಅಕ್ಕ ತಖಿಯ್ಯಾ ಎಳೆಗೂಸುಗಳ ವಾರ್ಡಿನ ಮುಖ್ಯ ದಾದಿ. ನಮ್ಮ ಉಗ್ರಾಣದ ಮಾಳಿಗೆಗೆ ಹತ್ತಿದರೆ ಆ ಆಸ್ಪತ್ರೆಯ ನೀರಿನ ಟ್ಯಾಂಕು ಬರಿಗಣ್ಣಿಗೆ ಕಾಣುತ್ತದೆ. ಅಲ್ಲಿಗೆ ಹೋಗಲು ಕಣಿವೆಯ ರಸ್ತೆ ನಾಲ್ಕು ಕಿಲೋಮೀಟರ್. ನಾನು ಅಕ್ಕನ ಮುಖ ನೋಡಿ ನಾಲ್ಕು ವರ್ಷವಾಗಿತ್ತು.

ನಾನು ಈ ಗುಡ್ಡದ ಪ್ರೌಢಶಾಲೆಯಲ್ಲಿ ಹದಿನೇಳು ವರ್ಷ ಭೌತಶಾಸ್ತ್ರ ಕಲಿಸಿದವನು. ಶಾಲೆ ಸೈನಿಕರ ಬಿಡಾರವಾದ ಮೇಲೆ ನೆರವಿನ ಸಂಸ್ಥೆಯೊಂದಕ್ಕೆ ಸೇರಿದೆ. ಲಾರಿಗಳನ್ನು ಗಡಿ ದಾಟಿಸುವುದು ನನ್ನ ಕೆಲಸ. ದಾಟಿಸುವುದೆಂದರೆ ಸಹಿ ಸಂಗ್ರಹಿಸುವುದು. ಈ ನಲವತ್ತು ಸಿಲಿಂಡರಿಗೆ ಹದಿಮೂರು ಸಹಿ, ಎಪ್ಪತ್ತೆರಡು ದಿನ ಹಿಡಿದಿತ್ತು. ಎರಡೂ ಕಡೆಯವರು ಇನ್ನೊಬ್ಬರ ಮುದ್ರೆಯಿರುವ ಕಾಗದವನ್ನು ಮುಟ್ಟಲು ಒಪ್ಪದ ಕಾರಣ ಒಂದೇ ಒಪ್ಪಂದವನ್ನು ಎರಡು ಕಾಗದದಲ್ಲಿ ಬರೆದೆ. ಒಂದಕ್ಕೆ ಗುಡ್ಡದವರ ಮುದ್ರೆ, ಇನ್ನೊಂದಕ್ಕೆ ಪೇಟೆಯವರದು. ಒಳಗಿನ ಮಾತು ಅಕ್ಷರಶಃ ಒಂದೇ: 'ಹಬ್ಬದ ದಿನ, ಹಬ್ಬದ ನಮಾಜು ಮುಗಿದಾಗಿನಿಂದ ಮಧ್ಯಾಹ್ನದ ಬಾಂಗಿನವರೆಗೆ, ಕಣಿವೆಯ ರಸ್ತೆಯಲ್ಲಿ ಗುಂಡು ಹಾರಿಸತಕ್ಕದ್ದಲ್ಲ.'

ಹಬ್ಬದ ದಿನ ಎಂದು ಬರೆಸಿದವರು ಮಧ್ಯಸ್ಥಿಕೆ ವಹಿಸಿದ್ದ ಶೇಖ್ ರದ್ಮಾನ್. ನಾನು ತಾರೀಕು ಹಾಕೋಣ ಎಂದಿದ್ದೆ.

"ಮಾತು ಕೊಡೋದಕ್ಕೆ ಪರದೇಶದ ತಾರೀಕು ಯಾಕಪ್ಪಾ?" ಎಂದಿದ್ದರು ಅವರು. "ನಮ್ಮವರು ಎರಡೂ ಕಡೆ ಬಂದೂಕು ಕೆಳಗಿಡೋದು ಒಂದೇ ದಿನ. ಆವತ್ತು ಗುಂಡು ಹಾರಿಸಿದವನಿಗೆ ಹೆಣ್ಣು ಕೊಡೋರಿಲ್ಲ. ತಾರೀಕಿಗೆ ಆ ಮರ್ಯಾದೆ ಎಲ್ಲಿಂದ ಬರುತ್ತೆ?"

ಒತ್ತೆಯಾಗಿ ತಮ್ಮ ಸೊಂಟದ ಜಂಬಿಯಾ ಬಾಕುವನ್ನು ಗುಡ್ಡದವರಲ್ಲಿ, ಬಂದೂಕನ್ನು ಪೇಟೆಯವರಲ್ಲಿ ಇಟ್ಟು ಬಂದಿದ್ದರು. ಎಪ್ಪತ್ತು ದಾಟಿದ ಮುದುಕ, ಬರಿಯ ಸೊಂಟದಲ್ಲಿ ಓಡಾಡುತ್ತಿದ್ದರು. ನಮ್ಮಲ್ಲಿ ಅದು ಬೆತ್ತಲೆ ಓಡಾಡಿದ ಹಾಗೆ.

ನಾನು ಒಪ್ಪಿದ್ದಕ್ಕೆ ನನ್ನದೇ ಕಾರಣವಿತ್ತು. ಆ ರಾತ್ರಿಯೇ ಕೂತು ಲೆಕ್ಕ ಹಾಕಿದ್ದೆ. ಉಪವಾಸದ ಇಪ್ಪತ್ತೊಂಬತ್ತನೆಯ ದಿನ ಸೂರ್ಯ ಮುಳುಗುವಾಗ ಹೊಸ ಚಂದ್ರನ ವಯಸ್ಸು ಐದೂವರೆ ಗಂಟೆ. ಸೂರ್ಯನ ಹಿಂದೆಯೇ ಅದೂ ಮುಳುಗುತ್ತದೆ. ಭೂಮಿಯ ಮೇಲೆ ಯಾರ ಕಣ್ಣಿಗೂ ಕಾಣದು. ಆ ಸಂಜೆ ಚಂದ್ರ ಕಾಣದಿದ್ದರೆ ಎರಡೂ ಕಡೆ ಮೂವತ್ತು ಉಪವಾಸ, ಎರಡೂ ಕಡೆ ಒಂದೇ ದಿನ ಹಬ್ಬ. ಉತ್ತರದ ಕೆಳಗೆ ಎರಡು ಗೆರೆ ಎಳೆದು ಮಲಗಿದ್ದೆ. ಚಂದ್ರ ಬಂತೋ ಇಲ್ಲವೋ ಎನ್ನುವುದನ್ನು ಈಗ ಕಣ್ಣು ತೀರ್ಮಾನಿಸುವುದಿಲ್ಲ, ಯಾವ ರಾಜಧಾನಿಯ ರೇಡಿಯೋ ಕೇಳುತ್ತೇವೆ ಎನ್ನುವುದು ತೀರ್ಮಾನಿಸುತ್ತದೆ. ಯುದ್ಧದ ಐದನೆಯ ವರ್ಷದಲ್ಲೂ ಅದು ನನಗೆ ಹೊಳೆಯಲಿಲ್ಲ. ಹಿಂದಿನ ಸಂಜೆ ಫೋನಿನ ಜಾಲವನ್ನು ನಿಲ್ಲಿಸಿಬಿಟ್ಟಿದ್ದರು. ನಮ್ಮ ಕಡೆಯ ರೇಡಿಯೋ ನಾಳೆ ಉಪವಾಸ ಎಂದಿತು. ಆಚೆಯ ರೇಡಿಯೋ ಏನೆಂದಿತೆಂದು ವಿಚಾರಿಸುವ ಯೋಚನೆಯೂ ನನಗೆ ಬರಲಿಲ್ಲ.

ಏಳೂವರೆಗೆ ಜಾಲ ಮರಳಿತು. ಫೋನು ತಕ್ಷಣ ಬಡಿದುಕೊಂಡಿತು.

"ಎಲ್ಲೋ ಇದೆ ನಿನ್ನ ಲಾರಿ?" ಅಕ್ಕ. "ನಮಾಜು ಮುಗಿದು ಗಂಟೆ ಆಯ್ತು. ನಮ್ಮ ಹುಡುಗರು ರಸ್ತೆ ಮೇಲಿಂದ ಮಣ್ಣಿನ ದಿಬ್ಬ ಎಲ್ಲಾ ಎಳೆದುಹಾಕಿ ಕಾಯ್ತಿದಾರೆ."

"ಅಕ್ಕಾ, ಇಲ್ಲಿ ಇವತ್ತು ಹಬ್ಬ ಅಲ್ಲ."

ಅವಳ ಹಿಂದೆ ಯಂತ್ರವೊಂದರ ಗುಯ್‌ಗುಡುವಿಕೆ ಕೇಳಿಸುತ್ತಿತ್ತು.

"ಏನಂದೆ?"

"ಇಲ್ಲಿ ನಾಳೆ. ಇಲ್ಲಿಯವರು ಇವತ್ತು ಉಪವಾಸ ಇದಾರೆ."

"ನುಮಾನ್, ನನ್ನ ಹತ್ರ ಅರ್ಧ ಸಿಲಿಂಡರ್ ಇದೆ. ಆರು ಕೂಸು ಆಮ್ಲಜನಕದ ಮೇಲಿವೆ. ಶಸ್ತ್ರಚಿಕಿತ್ಸೆ ಕೋಣೆಯವರೂ ಅದರಲ್ಲೇ ಪಾಲು ಕೇಳ್ತಿದಾರೆ. ಮಧ್ಯಾಹ್ನ ಎರಡರ ತನಕ ತಳ್ಳಬಹುದು. ನಾಳೆ ಅನ್ನೋ ಮಾತು ಆಡಬೇಡ." ಆಮೇಲೆ ದನಿ ತಗ್ಗಿಸಿ, "ನಿನ್ನ ಲೆಕ್ಕ ಯಾವತ್ತೂ ತಪ್ಪಲ್ವಲ್ಲೋ" ಎಂದಳು. ಅದು ಬೈಗುಳವಲ್ಲ. ಅವಳಿಗೆ ನಿಜವಾಗಿ ಆಶ್ಚರ್ಯವಾಗಿತ್ತು.

ಶೇಖ್ ರದ್ಮಾನ್ ಉಗ್ರಾಣದ ಜಗಲಿಯಲ್ಲಿ ಎಲ್ಲ ಕೇಳಿಸಿಕೊಳ್ಳುತ್ತ ಕೂತಿದ್ದರು. "ಅರವತ್ತು ವರ್ಷದಲ್ಲಿ ಒಂದು ಕಣಿವೆಗೆ ಎರಡು ಹಬ್ಬ ನಾನು ಕಂಡಿಲ್ಲ" ಎಂದು ಎರಡು ಸಲ ಹೇಳಿದರು. "ಇಲ್ಲಿನ ನಾಯಕನನ್ನ ಕೇಳೋಣ. ನಡಿ. ಆ ಹುಡುಗ ಒರಟನಲ್ಲ."

ಗುಡ್ಡದವರ ಕೊನೆಯ ಠಾಣೆ ಒಂದು ಮುಚ್ಚಿಹೋದ ಪೆಟ್ರೋಲ್ ಬಂಕಿನಲ್ಲಿತ್ತು. ಒಂದೊಂದು ಚೆಕ್‌ಪೋಸ್ಟಲ್ಲೂ ನಿಂತು ಲಾರಿಯೊಂದಿಗೆ ಅಲ್ಲಿಗೆ ತಲುಪುವಾಗ ಒಂಬತ್ತೂವರೆ ದಾಟಿತ್ತು. ಅಲ್ಲಿಂದ ಮುಂದೆ ಕಣಿವೆ, ಅದರಾಚೆ ಪೇಟೆಯವರ ಮೊದಲ ಠಾಣೆ. ನಾಯಕ ಹುಮೂದ್ ನನ್ನ ಹಳೆಯ ವಿದ್ಯಾರ್ಥಿ. ಮೂರನೆಯ ಬೆಂಚಿನಲ್ಲಿ ಕೂರುತ್ತಿದ್ದ, ಉತ್ತರ ಗೊತ್ತಿದ್ದರೂ ಕೈ ಎತ್ತದ ಹುಡುಗ. ಈಗ ಮುನ್ನೂರು ಜನರ ಮೇಲೆ ಅಧಿಕಾರ. ನನ್ನನ್ನು ಕಂಡ ಕೂಡಲೇ ಎದ್ದು ಬಂದು ಕೈಗೆ ಮುತ್ತಿಟ್ಟ.

"ನಿಮ್ಮ ಹತ್ತಿರ ಒಂದು ಮಾತಿತ್ತು" ಎಂದೆ.

"ನನಗೆ ಬಹುವಚನ ಬೇಡ ಮೇಷ್ಟ್ರೇ. ಹುಡುಗರ ಮುಂದೆ ನಾಚಿಕೆಯಾಗುತ್ತೆ."

ವಿಷಯ ಹೇಳಿದೆ. ಅವನು ತನ್ನ ಕಾಗದವನ್ನು ಜೇಬಿನಿಂದ ತೆಗೆದು ಓದಿದ. ಪಕ್ಕದಲ್ಲೇ ಮೇಜಿನ ಮೇಲೆ, ಬಿಳಿಯ ಬಟ್ಟೆಯಲ್ಲಿ ಸುತ್ತಿದ ಶೇಖ್ ರದ್ಮಾನರ ಜಂಬಿಯಾ ಇತ್ತು.

"ಇದರಲ್ಲಿ ಹಬ್ಬದ ದಿನ ಅಂತಿದೆ" ಎಂದ. "ಹಬ್ಬದ ದಿನ ಒಂದು ಗುಂಡು ಹಾರಿದ್ರೆ ನನ್ನ ತಲೆ ತೆಗೀರಿ. ಆದರೆ ಇವತ್ತು ಹಬ್ಬ ಅಲ್ಲವಲ್ಲ."

"ಅವರು ಇವತ್ತು ಮಾಡಿದ್ದಾರೆ ಕಣಪ್ಪಾ. ಅವರ ಕಾಗದ ಇವತ್ತು ಮಧ್ಯಾಹ್ನಕ್ಕೆ ಮುಗಿಯುತ್ತೆ. ನಿನ್ನದು ನಾಳೆ ಶುರುವಾಗುತ್ತೆ. ಮಧ್ಯೆ ಲಾರಿ ಹೋಗೋಕೆ ದಿನವೇ ಇಲ್ಲ."

"ಗೊತ್ತು. ಆದರೆ ಇವತ್ತು ಹಬ್ಬ ಅಂತ ನಾನು ಲಾರಿ ಬಿಟ್ಟರೆ ಅವರ ಚಂದ್ರನನ್ನ ಒಪ್ಪಿದ ಹಾಗೆ. ಮುನ್ನೂರು ಜನ ನನ್ನ ಮುಖ ನೋಡ್ತಾರೆ, ಹಾಗಾದ್ರೆ ನೀರು ಕುಡೀಬಹುದಾ ಅಂತಾರೆ. ಮೇಲಿನವರು ಕೇಳ್ತಾರೆ." ಕಾಗದವನ್ನು ಮಡಿಸಿದ. "ನಮ್ಮ ಗುಡ್ಡದಲ್ಲೇ ಇಬ್ಬರು ನಂಬಿಕಸ್ಥರು ನಿನ್ನೆ ಚಂದ್ರನನ್ನ ನೋಡಿದ್ದರೆ ಅದು ಬೇರೆ ಮಾತು. ಸಾಕ್ಷಿ ಇದೆ ಅಂತ ಬರೆದು ಬಿಡ್ತೀನಿ."

ಶೇಖರು ಕೋಲು ಕುಟ್ಟಿದರು. "ನನ್ನ ಕಣ್ಣಲ್ಲಿ ಪೊರೆ. ಮನೆಯವಳ ಮುಖವೇ ಕಾಣಲ್ಲ, ಚಂದ್ರನ್ನ ಕಂಡೆ ಅಂದ್ರೆ ಕತ್ತೆಗಳೂ ನಗ್ತವೆ."

"ನಾನು ನೋಡ್ದೆ!" ಎಂದ ಮುಕ್ಬಿಲ್ ಬಾಗಿಲಿನಿಂದ. "ನೀರಿನ ತೊಟ್ಟಿ ಹತ್ರ ನಿಂತಿದ್ದೆ. ಸಣ್ಣಗೆ, ಉಗುರಿನ ತುಂಡಿನ ಹಾಗಿತ್ತು. ಬೇಕಾದ್ರೆ ಎರಡು ನೋಡ್ದೆ ಅಂತೀನಿ."

"ಒಂದು ಸಾಕು" ಎಂದ ಹುಮೂದ್. ನನ್ನ ಕಡೆ ತಿರುಗಿದ. "ನೀವು ಮೇಷ್ಟ್ರೇ?"

ಗಂಟೆ ಹತ್ತಾಗುತ್ತಿತ್ತು. ಪಾಠ ಹೇಳುವಾಗ ದಶಾಂಶದ ಮೂರನೆಯ ಸ್ಥಾನ ತಪ್ಪಿದರೂ ನಾನು ಹಲಗೆ ಒರೆಸಿ ಮತ್ತೆ ಬರೆಯುತ್ತಿದ್ದೆ. ಮಕ್ಕಳು ಇದಕ್ಕಾಗಿ ನನ್ನನ್ನು ಅಣಕಿಸುತ್ತಿದ್ದುದೂ ಗೊತ್ತು. ಆ ಕ್ಷಣದಲ್ಲಿ ನನ್ನ ಕಿವಿಯಲ್ಲಿದ್ದದ್ದು ಅಕ್ಕನ ಫೋನಿನ ಆ ಯಂತ್ರದ ಸದ್ದು. ಆರು ಕೂಸಿಗೆ ನಿಮಿಷಕ್ಕೆ ಒಂದೊಂದು ಲೀಟರ್. ಲೆಕ್ಕ ತಾನಾಗಿ ಓಡುತ್ತಿತ್ತು.

"ನೋಡಿದೆ" ಎಂದೆ.

"ಆಣೆ?"

"ಅಲ್ಲಾಹನ ಆಣೆ. ನಿನ್ನೆ ಸಂಜೆ, ಪಡುವಣಕ್ಕೆ, ಸೂರ್ಯ ಮುಳುಗಿದ ಮೇಲೆ."

ಶೇಖರು ನೆಲ ನೋಡಿದರು. ಹುಮೂದ್ ಕಾಗದದ ಹಿಂಬದಿಯಲ್ಲಿ ಪೆನ್ಸಿಲಿನಿಂದ ಏನೋ ಬರೆಯತೊಡಗಿದ. ಸಾಕ್ಷಿಯ ಹೇಳಿಕೆ ಎಂದುಕೊಂಡೆ. ಅವನು ನನ್ನ ಕಡೆಗೆ ತಿರುಗಿಸಿದಾಗ ನೋಡಿದರೆ ಅದೊಂದು ಚಿತ್ರ. ಎಡಕ್ಕೆ ದೊಡ್ಡ ವೃತ್ತ, ಬಲಕ್ಕೆ ಸಣ್ಣದು, ನಡುವೆ ಇನ್ನೂ ಸಣ್ಣದು, ಕೋನ ತೋರಿಸುವ ಎರಡು ಗೆರೆ. ಸೂರ್ಯ, ಭೂಮಿ, ಚಂದ್ರ: ನಾನು ಪ್ರತಿ ವರ್ಷ ಹಲಗೆಯ ಮೇಲೆ ಬರೆಯುತ್ತಿದ್ದ ಚಿತ್ರ. ಕೋನದ ಗುರುತನ್ನೂ ನನ್ನ ರೀತಿಯಲ್ಲೇ ಬಾಲ ಎಳೆದು ಹಾಕಿದ್ದ.

"ಅಮಾವಾಸ್ಯೆ ಕಳೆದು ಹದಿನೈದು ಗಂಟೆಯಾದ್ರೂ ಆಗಬೇಕು, ಅಲ್ಲಿ ತನಕ ಯಾವ ಮನುಷ್ಯನ ಕಣ್ಣಿಗೂ ಬೀಳಲ್ಲ" ಎಂದ. "ಹನ್ನೊಂದನೇ ತರಗತಿ. ನಿನ್ನೆ ಸಂಜೆ ಅದರ ವಯಸ್ಸೆಷ್ಟು ಮೇಷ್ಟ್ರೇ?"

"ಐದೂವರೆ ಗಂಟೆ."

ಬಾಯಿಂದ ಹೊರಬಿದ್ದ ಮೇಲೆ ನಾನು ಏನು ಹೇಳಿದೆನೆಂದು ನನಗೆ ತಿಳಿಯಿತು. ಹದಿನೇಳು ವರ್ಷ ಪ್ರಶ್ನೆ ಕೇಳಿದವರಿಗೆ ಉತ್ತರ ಹೇಳಿದ ನಾಲಿಗೆ ಅದು. ನನ್ನನ್ನು ಕೇಳಲೇ ಇಲ್ಲ.

ಹುಮೂದನ ಮುಖದಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಸಹಿಸಬಹುದಿತ್ತು. ಅವನಿಗೂ ಆಘಾತವಾಗಿತ್ತು. ತರಗತಿಯಲ್ಲಿ ಹಲಗೆಯ ಮೇಲಿನ ಲೆಕ್ಕ ತಪ್ಪಾಗಿದೆಯೆಂದು ಮೊದಲ ಬಾರಿ ಗೊತ್ತಾದ ಹುಡುಗನ ಹಾಗೆ ಕಣ್ಣು ಮಿಟುಕಿಸಿದ.

"ನೀವು ಆಣೆ ಹಾಕಿದ್ರಿ" ಎಂದ.

"ಹುಮೂದ್, ಅಲ್ಲಿ ಆರು ಕೂಸು..."

"ನೀವು ಆಣೆ ಹಾಕಿ ಸುಳ್ಳು ಹೇಳಿದ್ರಿ. ನೀವು." ಎದ್ದು ನಿಂತ. "ಸಿಲಿಂಡರ್ ಒಳಗೆ ಆಮ್ಲಜನಕ ಮಾತ್ರ ಇದೆ ಅಂತ ಬರೆದು ಸಹಿ ಹಾಕಿದವರೂ ನೀವೇ ಅಲ್ವಾ?"

ಆಗ ನನಗೆ ನಿಜವಾಗಿ ಹೆದರಿಕೆಯಾಯಿತು.

"ತೂಕ ಮಾಡೋಣ" ಎಂದೆ. "ಖಾಲಿ ತೂಕವನ್ನು ಕತ್ತಿನ ಮೇಲೆ ಮುದ್ರೆ ಒತ್ತಿರ್ತಾರೆ. ತುಂಬಿದಾಗ ಎಂಟು ಕಿಲೋ ಹೆಚ್ಚಿರಬೇಕು. ಬೇರೇನೇ ಇದ್ದರೂ ತಕ್ಕಡಿ ಹೇಳಿಬಿಡುತ್ತೆ. ಗೋಧಿ ಅಂಗಡಿಯಿಂದ ತರಿಸು."

"ಆ ಎಂಟು ಕಿಲೋ ಯಾರ ಮಾತು?"

ಅದು ನನ್ನ ಮಾತೇ ಆಗಿತ್ತು.

ಹತ್ತು ಇಪ್ಪತ್ತಕ್ಕೆ ಲಾರಿಯ ಹಿಂಬಾಗಿಲು ತೆರೆದರು. ಗಡ್ಡದ ಒಬ್ಬ ಸೈನಿಕ ದೊಡ್ಡ ಸ್ಪ್ಯಾನರ್ ಹಿಡಿದು ಹತ್ತಿದ. ಒಂದೊಂದನ್ನೂ ಪೂರ್ತಿ ತೆರೆದು, ನೂರು ಎಣಿಸುವವರೆಗೆ ಬಿಟ್ಟು, ಬಂದೂಕಿನ ಹಿಡಿಯಿಂದ ತಟ್ಟಿ, ಒಳಗೆ ಏನಾದರೂ ಅಲುಗಾಡುತ್ತದೆಯೇ ಎಂದು ಕಿವಿಯಿಟ್ಟು ಕೇಳಬೇಕೆಂದು ಆಜ್ಞೆಯಾಯಿತು. ಮೊದಲನೆಯದು ಸಿಳ್ಳೆ ಹಾಕುತ್ತ ತೆರೆದುಕೊಂಡಿತು. ಎಣಿಕೆ ಮೂವತ್ತಕ್ಕೆ ಬರುವಷ್ಟರಲ್ಲಿ ಜೂನ್ ತಿಂಗಳ ಆ ಬಿಸಿಲಿನಲ್ಲಿ ಅದರ ಕತ್ತಿನ ಸುತ್ತ ಬಿಳಿಯ ಹಿಮ ಕಟ್ಟಿತು. ಸೈನಿಕರು ಗುಂಪುಗೂಡಿದರು. ಮೂವತ್ತು ದಿನದ ಉಪವಾಸದಿಂದ ತುಟಿ ಒಡೆದ ಹುಡುಗರು ಆ ತಣ್ಣನೆಯ ಗಾಳಿಗೆ ಮುಖ ಒಡ್ಡಿ ಕಣ್ಣು ಮುಚ್ಚಿ ನಿಂತರು.

"ಏಯ್, ಸ್ವರ್ಗದ ಗಾಳಿ ಕಣೋ!"

"ಸರಿಯೋ ಆಚೆ, ನೀನು ಆಗಲೇ ಎರಡು ಸಲ ನಿಂತೆ."

"ಇದು ಮೂಗೊಳಗೆ ಹೋದ್ರೆ ಉಪವಾಸ ಮುರಿಯುತ್ತಾ, ಶೇಖ್ರೇ?"

ಶೇಖರು ಮುಖಕ್ಕೆ ಶಾಲು ಎಳೆದುಕೊಂಡು ಕೂತಿದ್ದರು. ಉಪವಾಸವಿಲ್ಲದ ದಿನವಾಗಿದ್ದರೆ ಅವರಲ್ಲೊಬ್ಬನ ಬಾಯಲ್ಲಿ ಸಿಗರೇಟು ಇರುತ್ತಿತ್ತು, ಆ ಬಂಕಿನಲ್ಲಿ ನಾವ್ಯಾರೂ ಉಳಿಯುತ್ತಿರಲಿಲ್ಲ ಎನ್ನುವುದು ನನಗೊಬ್ಬನಿಗೇ ಗೊತ್ತಿತ್ತು. ನಾನು ಹಾಗೆಯೇ ನಿಂತಿದ್ದೆ. ನನ್ನೊಳಗೆ ದುಃಖವಾಗಲಿ ಸಿಟ್ಟಾಗಲಿ ಇರಲಿಲ್ಲ. ಪ್ರತಿ ಸಿಳ್ಳೆಗೂ ಮನಸ್ಸು ಲೀಟರುಗಳನ್ನು ಕಳೆಯುತ್ತಿತ್ತು, ನಿಲ್ಲಿಸಲಾಗಲಿಲ್ಲ.

ಒಂಬತ್ತನೆಯದು ತೆರೆಯುವಾಗ ಹುಮೂದ್ ಪಕ್ಕಕ್ಕೆ ಬಂದು ನಿಂತ.

"ಹಬ್ಬ ಅಲ್ಲ, ಚಂದ್ರ ಕಾಣಲೂ ಇಲ್ಲ, ಆದರೂ ಬಿಡು ಹುಮೂದ್ ಅಂದಿದ್ರೆ ಬಿಡ್ತಿದ್ದೆ" ಎಂದ ಮೆಲ್ಲಗೆ. "ಏನೋ ಒಂದು ನೆಪ ಹುಡುಕ್ತಿದ್ದೆ. ನೀವು ನಿಜ ಹೇಳಲಿ ಅಂತಲೇ ಕೇಳಿದ್ದು."

ನಿಜವಾಗಿ ಬಿಡುತ್ತಿದ್ದನೋ, ಆಗಿಹೋದ ಮೇಲೆ ಹೇಳುವುದು ಸುಲಭವೆಂದು ಹೇಳಿದನೋ, ಇವತ್ತಿಗೂ ತಿಳಿಯದು. ಕೆಲವು ಪ್ರಯೋಗಗಳನ್ನು ಎರಡನೆಯ ಸಲ ಮಾಡಲಾಗುವುದಿಲ್ಲ.

ಹನ್ನೊಂದೂವರೆಗೆ ಇಪ್ಪತ್ತಮೂರು ಮುಗಿದಿದ್ದವು. ಮಧ್ಯಾಹ್ನದ ಬಾಂಗಿಗೆ ಇನ್ನು ಮೂವತ್ತೈದು ನಿಮಿಷ. ನಾನು ಹುಮೂದನ ಕಾಲಿನ ಬಳಿ ಕೂತುಬಿಟ್ಟೆ. ಅವನು ಗಾಬರಿಯಾಗಿ ನನ್ನ ತೋಳು ಹಿಡಿದು ಎತ್ತಿದ.

"ನೋಡಿದ್ದನ್ನಾದ್ರೂ ಕಳಿಸು" ಎಂದೆ. "ಉಳಿದದ್ದು ಇಲ್ಲೇ ಇರಲಿ."

ಅವನು ಒಪ್ಪಿದ. ತೆರೆಯದ ಹದಿನೇಳನ್ನು ಇಳಿಸಿ ಬಂಕಿನ ಗೋಡೆಗೆ ಒರಗಿಸಿದರು. ಹಬ್ಬ ಎಂಬ ಮಾತೇ ಇಲ್ಲದೆ, 'ತಪಾಸಣೆ ಮಾಡಿದ ಸರಕು' ಎಂದು ಬರೆದು ಲಾರಿ ಬಿಡಿಸಿದ. ನೆಪ ಅಷ್ಟು ಸುಲಭವಾಗಿ ಸಿಕ್ಕಿತು. ವಾಕಿಟಾಕಿಯಲ್ಲಿ ತನ್ನ ಎಲ್ಲ ಕಾವಲಿನವರಿಗೂ ಗುಂಡು ಹಾರಿಸಬಾರದೆಂದು ತಾನೇ ಹೇಳಿದ, ಎರಡು ಸಲ ಹೇಳಿದ.

ಮುಕ್ಬಿಲ್ ಕಿಟಕಿಯಿಂದ ತಲೆ ಹೊರಹಾಕಿದ. "ಮೇಷ್ಟ್ರೇ, ನಾನಂತೂ ನೋಡ್ದೆ ಅಂತಲೇ ಹೇಳ್ತೀನಿ. ಈಗ ಮಾತು ಬದಲಾಯಿಸಿದ್ರೆ ಚೆನ್ನಾಗಿರಲ್ಲ." ಆಮೇಲೆ ಲಾರಿ ಕಣಿವೆಗಿಳಿಯಿತು. ಧೂಳು ತಿರುವಿನಿಂದ ತಿರುವಿಗೆ ಸಾಗುವುದನ್ನು ನೋಡಿದೆವು. ಒಂದು ಗುಂಡೂ ಹಾರಲಿಲ್ಲ. ಧೂಳು ಪೇಟೆಯೊಳಗೆ ಸೇರಿದ ಮೇಲೆ ಮಧ್ಯಾಹ್ನದ ಬಾಂಗಾಯಿತು, ಆಚೆಯೂ ಈಚೆಯೂ ಒಂದೇ ನಿಮಿಷಕ್ಕೆ. ಸೂರ್ಯನ ವಿಷಯದಲ್ಲಿ ಅವರಿಗೆ ಜಗಳವಿಲ್ಲ.

ಅಕ್ಕನ ಫೋನು ಬಂದದ್ದು ನಾಲ್ಕು ಗಂಟೆಗೆ.

"ಇಪ್ಪತ್ತಮೂರರಲ್ಲಿ ಹತ್ತೊಂಬತ್ತರ ಮುಳ್ಳು ಸೊನ್ನೆ ತೋರಿಸ್ತಿದೆ" ಎಂದಳು. "ಕೆಲವಕ್ಕೆ ಮುಚ್ಚಳ ಸರಿಯಾಗಿ ತಿರುಗಿಸೇ ಇಲ್ಲ, ದಾರೀಲೇ ಸೋರಿದೆ. ನಾಲ್ಕರಲ್ಲಿ ಏನೋ ಸ್ವಲ್ಪ ಇದೆ. ಡಾಕ್ಟ್ರು ಎರಡನ್ನ ಶಸ್ತ್ರಚಿಕಿತ್ಸೆಗೆ ತಗೊಂಡ್ರು. ಯಾರೋ ಇದು ಮಾಡಿದ್ದು? ಖಾಲಿ ಡಬ್ಬ ತುಂಬಿ ಕಳಿಸಿದ್ದು ಯಾರು?"

"ತಪಾಸಣೆ ಮಾಡಿದ್ರು ಅಕ್ಕಾ."

"ಯಾಕೆ? ನಿನ್ನ ಸಹಿ ಇತ್ತಲ್ಲ."

ಸಹಿಯಿದ್ದ ಕಾಗದದ ನನ್ನ ಪ್ರತಿಯನ್ನು ಮಡಿಸಿ ಜೇಬಿಗಿಟ್ಟೆ.

"ಉಳಿದಿರೋದು ನಾಳೆ ತನಕ ಆರಕ್ಕೆ ಸಾಲಲ್ಲ" ಎಂದಳು. "ನಾಲ್ಕಕ್ಕೆ ಸಾಲುತ್ತೆ. ಯಾವ ನಾಲ್ಕು ಅಂತ ಕೇಳಬೇಡ. ನಾನಿನ್ನೂ ಆ ಕೋಣೆ ಒಳಗೆ ಹೋಗಿಲ್ಲ."

ಆ ಸಂಜೆ ಪಡುವಣದಲ್ಲಿ ಚಂದ್ರ ಕಾಣಿಸಿತು. ಮೂವತ್ತು ಗಂಟೆ ತುಂಬುತ್ತ ಬಂದ ದಪ್ಪನೆಯ ಚಂದ್ರ. ಗುಡ್ಡದ ಮಕ್ಕಳೆಲ್ಲ ಬೊಟ್ಟು ಮಾಡಿ ಕೂಗಿದರು. ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ.

ಮರುದಿನ ನಮ್ಮ ಹಬ್ಬ. ನಮಾಜು ಮುಗಿಯುತ್ತಿದ್ದಂತೆ ಉಗ್ರಾಣದ ಮುಂದೆ ಗಾಡಿಯೊಂದು ನಿಂತಿತು. ಹುಮೂದ್ ಇಳಿದ, ಹೊಸ ಅಂಗಿ ತೊಟ್ಟಿದ್ದ. ಗಾಡಿಯಲ್ಲಿ ಹದಿನೇಳು ಸಿಲಿಂಡರುಗಳು, ಕೆಳಗೆ ಕಂಬಳಿ ಹಾಸಿ ಜೋಪಾನವಾಗಿ ಮಲಗಿಸಿದ್ದರು.

"ಇವತ್ತು ಹಬ್ಬ" ಎಂದ. "ನನ್ನ ಕಾಗದದ ಪ್ರಕಾರ ಮಧ್ಯಾಹ್ನದ ತನಕ ದಾರಿ ತೆರೆದಿದೆ. ತಪಾಸಣೆ ಬೇಡ. ಕಳಿಸಿ ಮೇಷ್ಟ್ರೇ."

"ಅವರ ಕಾಗದ ನಿನ್ನೆಗೆ ಮುಗೀತು."

"ನನ್ನ ಕಡೆಯಿಂದ ತಪ್ಪಿಲ್ಲ ಅಂತ ಹೇಳೋಕೆ ಬಂದೆ."

ಅವನ ಕಡೆಯಿಂದ ತಪ್ಪಿರಲಿಲ್ಲ. ಪೇಟೆಯವರ ಕಡೆಯಿಂದಲೂ ಇರಲಿಲ್ಲ. ಇಬ್ಬರೂ ಕಾಗದದಲ್ಲಿದ್ದ ಮಾತನ್ನು ಅಕ್ಷರಶಃ ನಡೆಸಿದ್ದರು. ಹುಮೂದ್ ಬಿಳಿಯ ಬಟ್ಟೆಯ ಗಂಟನ್ನು ಶೇಖರಿಗೆ ಎರಡು ಕೈಯಿಂದ ಒಪ್ಪಿಸಿದ. ಶೇಖರು ಬಾಕುವನ್ನು ಸೊಂಟಕ್ಕೆ ಕಟ್ಟಿಕೊಂಡರು, ನನ್ನ ಕಡೆ ನೋಡಲಿಲ್ಲ.

ಅಕ್ಕನಿಗೆ ಫೋನು ಮಾಡಿದೆ. ಐದನೆಯ ಸಲಕ್ಕೆ ಎತ್ತಿದಳು.

"ನಾಲ್ಕು ಉಳಿದಿವೆ" ಎಂದಳು. ಫೋನು ಇಟ್ಟಳು.

ನಾನು ಗೋಧಿ ಅಂಗಡಿಯವನ ಮನೆಗೆ ಹೋಗಿ, ಹಬ್ಬದೂಟಕ್ಕೆ ಕೂತಿದ್ದವನನ್ನು ಎಬ್ಬಿಸಿ, ದೊಡ್ಡ ತಕ್ಕಡಿಯನ್ನು ಕೈಗಾಡಿಯಲ್ಲಿ ತಂದೆ. ಹುಮೂದ್ ಇನ್ನೂ ಅಲ್ಲೇ ನಿಂತಿದ್ದ. ಅಂಗಿಯ ತೋಳು ಮೇಲೇರಿಸಿ ಸಿಲಿಂಡರಿನ ಇನ್ನೊಂದು ತುದಿ ಹಿಡಿದ. ಒಂದೊಂದನ್ನೇ ಎತ್ತಿ ತಟ್ಟೆಯ ಮೇಲಿಟ್ಟೆವು. ಕತ್ತಿನ ಮೇಲಿನ ಮುದ್ರೆಯನ್ನು ಅವನು ಗಟ್ಟಿಯಾಗಿ ಓದಿದ, ತಕ್ಕಡಿಯ ಅಂಕಿಯನ್ನು ನಾನು ಓದಿದೆ.

ಹದಿನೇಳೂ ತೂಗಿದೆವು. ಪ್ರತಿಯೊಂದೂ ಎಂಟು ಕಿಲೋ ಹೆಚ್ಚು.